ಟರ್ಕಿ ಹೊರಗೆ ನಿಂತಿರುವುದು ಧರ್ಮದ ಕಾರಣಕ್ಕಾ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಟರ್ಕಿ ಲೇಖನ ಓದಿದೆ. ಯುರೋಪಿಯನ್ ಒಕ್ಕೂಟ ಸೆಕ್ಯುಲರ್. ಟರ್ಕಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು. ಎಣ್ಣೆ ಸೀಗೆಕಾಯಿ ಸಂಬಂಧ ಇದು. ಇಷ್ಟು ವರ್ಷ ಬಾಗಿಲಲ್ಲಿ ನಿಲ್ಲಿಸುವ ಬದಲು ಮೊದಲೇ ಆಗಲ್ಲ ಅನ್ನಬಹುದಿತ್ತಲ್ಲ? ನೀವಾಗಿದ್ದರೆ ಸೇರಿಸಿಕೊಳ್ಳುತ್ತಿದ್ದಿರಾ?"

ನಮಸ್ಕಾರ ಸಾರ್. ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿಯೇ ಹೇಳುತ್ತೇನೆ.

ಮೊದಲು ಆ 'ಸೆಕ್ಯುಲರ್' ಅನ್ನುವ ಮಾತು. ಧರ್ಮದ ವಿಷಯವನ್ನು ಒಕ್ಕೂಟ ಆಯಾ ದೇಶಕ್ಕೇ ಬಿಟ್ಟಿದೆ. ಗ್ರೀಸಿನ ಸಂವಿಧಾನ ಶುರುವಾಗುವುದೇ ತಂದೆ, ಮಗ, ಪವಿತ್ರಾತ್ಮರ ತ್ರಿತ್ವದ ಹೆಸರಿನಲ್ಲಿ. ಡೆನ್ಮಾರ್ಕಿನ ರಾಜ ಲೂಥರನ್ ಚರ್ಚಿನವನೇ ಆಗಿರಬೇಕು. ಮಾಲ್ಟಾ ತನ್ನ ಧರ್ಮ ಕ್ಯಾಥೊಲಿಕ್ ಎಂದು ಸಂವಿಧಾನದಲ್ಲೇ ಬರೆದುಕೊಂಡಿದೆ. ಮೂವರೂ ಒಳಗಿದ್ದಾರೆ. ಟರ್ಕಿಯಾದರೋ ಇಸ್ಲಾಂ ರಾಜ್ಯದ ಧರ್ಮ ಎಂಬ ಸಾಲನ್ನು 1928ರಲ್ಲೇ ತೆಗೆದುಹಾಕಿತು, 1937ರಲ್ಲಿ ಸೆಕ್ಯುಲರ್ ಎಂದು ಸಂವಿಧಾನಕ್ಕೆ ಸೇರಿಸಿತು.

ಹಾಗಂತ ಅಲ್ಲಿನ ಸೆಕ್ಯುಲರ್ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಸರ್ಕಾರ ಧರ್ಮದಿಂದ ದೂರ ನಿಂತಿಲ್ಲ, ಅದರ ಮೂಗುದಾರ ಹಿಡಿದುಕೊಂಡಿದೆ. 1924ರಲ್ಲಿ ಹುಟ್ಟಿದ 'ದಿಯಾನೆತ್' ಎಂಬ ಸರ್ಕಾರಿ ಇಲಾಖೆಯೇ ಇಮಾಮರಿಗೆ ಸಂಬಳ ಕೊಡುತ್ತದೆ. ಆದರೆ ಅಲೆವಿಗಳು, ಅಂದರೆ ಸುನ್ನಿಗಳಿಗಿಂತ ಬೇರೆ ಆಚರಣೆಯ ಅಲ್ಪಸಂಖ್ಯಾತ ಪಂಥದವರು, ತಮ್ಮ ಪ್ರಾರ್ಥನಾ ಮನೆಗಳಿಗೆ ಮಸೀದಿಯಷ್ಟೇ ಮಾನ್ಯತೆ ಕೊಡಿ ಎಂದು ದಶಕಗಟ್ಟಲೆ ಅಲೆದಿದ್ದಾರೆ. ಇಸ್ತಾಂಬುಲ್ ಪಕ್ಕದ ಹಾಲ್ಕಿ ದ್ವೀಪದಲ್ಲಿ ಕ್ರೈಸ್ತ ಗುರುಗಳನ್ನು ತಯಾರು ಮಾಡುತ್ತಿದ್ದ ಶಾಲೆಗೆ 1971ರಲ್ಲಿ ಬೀಗ ಬಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯರನ್ನು ಬಹಳ ವರ್ಷ ಯೂನಿವರ್ಸಿಟಿ ಬಾಗಿಲಿಂದಲೇ ವಾಪಸ್ ಕಳಿಸಿದರು. ಇದಿಷ್ಟೂ ಸರ್ಕಾರದ ಕೆಲಸ. ಜನ ಯಾವ ಧರ್ಮದವರು ಅನ್ನುವುದಕ್ಕೂ ಇದಕ್ಕೂ ಏನು ಸಂಬಂಧ?

'ಮೊದಲೇ ಆಗಲ್ಲ ಅನ್ನಬಹುದಿತ್ತು' ಅಂದಿರಲ್ಲ, ನನಗೆ ಸಿಟ್ಟು ಬರುವುದೂ ಅಲ್ಲೇ. 1987ರಲ್ಲಿ ಮೊರಾಕ್ಕೊ ಅರ್ಜಿ ಹಾಕಿದಾಗ ನೀವು ಯುರೋಪ್ ಅಲ್ಲ ಎಂದು ಹೇಳಿ ಕಳಿಸಿದರು. ಅದೇ ವರ್ಷ ಟರ್ಕಿಯೂ ಅರ್ಜಿ ಹಾಕಿತು, ಅದಕ್ಕೆ ಹಾಗೆ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಮುಂದೊಂದು ದಿನ ಸದಸ್ಯತ್ವ ಸಿಗಬಹುದು ಎಂಬ ಮಾತು 1963ರ ಅಂಕಾರಾ ಒಪ್ಪಂದದಲ್ಲೇ ಇತ್ತು. 1963ರಲ್ಲೂ ಅವರು ಮುಸ್ಲಿಮರೇ ಅಲ್ವಾ? 2002ರಲ್ಲಿ ಫ್ರಾನ್ಸಿನ ಮಾಜಿ ಅಧ್ಯಕ್ಷ ಜಿಸ್ಕಾರ್ ದೆಸ್ತಾಂ, ಟರ್ಕಿ ಸೇರಿದರೆ ಒಕ್ಕೂಟದ ಕಥೆ ಮುಗಿದಂತೆ ಎಂದರು. ಆ ಹೊತ್ತಿಗೆ ಟರ್ಕಿ ಮರಣದಂಡನೆ ತೆಗೆಯುತ್ತಿತ್ತು, ಕುರ್ದಿಷ್ ಭಾಷೆಯ ಪ್ರಸಾರಕ್ಕೆ ಅನುಮತಿ ಕೊಡುತ್ತಿತ್ತು. ಕಷ್ಟಪಟ್ಟು ಬದಲಾಗುತ್ತಿದ್ದವರಿಗೆ ಹೇಳುವ ಮಾತಾ ಅದು?

2005ರಲ್ಲಿ ಮಾತುಕತೆ ಶುರುವಾಯಿತು. ಸೇರಬೇಕಾದರೆ ಒಂದೊಂದಾಗಿ ತೆರೆದು ಮುಗಿಸಬೇಕಾದ ವಿಷಯಗಳಿಗೆ 'ಅಧ್ಯಾಯ' ಅನ್ನುತ್ತಾರೆ, ಒಟ್ಟು 35. ತೆರೆದದ್ದು 16, ಮುಗಿದದ್ದು ವಿಜ್ಞಾನ ಮತ್ತು ಸಂಶೋಧನೆಯದು ಒಂದೇ. ಗಂಟು ಬಿದ್ದದ್ದು ಸೈಪ್ರಸ್ಸಿನಲ್ಲಿ, ಗ್ರೀಕರದ್ದೊಂದು ತುರ್ಕರದ್ದೊಂದು ಎಂದು ಎರಡು ಭಾಗವಾಗಿರುವ ದ್ವೀಪ ಅದು. ದ್ವೀಪ ಒಂದಾಗಲಿ ಎಂಬ 2004ರ ಜನಮತದಲ್ಲಿ ತುರ್ಕಿ ಸೈಪ್ರಿಯಟರು ಶೇ. 65 ಹೌದು ಎಂದರು, ಗ್ರೀಕ್ ಸೈಪ್ರಿಯಟರು ಶೇ. 76 ಬೇಡ ಎಂದರು. ಬೇಡ ಎಂದವರು ಒಂದೇ ವಾರದಲ್ಲಿ ಒಕ್ಕೂಟದೊಳಗೆ ಹೋದರು. ಆಮೇಲೆ ಟರ್ಕಿ ಸೈಪ್ರಸ್ಸಿನ ಹಡಗುಗಳಿಗೆ ಬಂದರು ತೆರೆಯಲಿಲ್ಲ, ಅದಕ್ಕೆ ಒಕ್ಕೂಟ 2006ರಲ್ಲಿ ಎಂಟು ಅಧ್ಯಾಯ ತಡೆಯಿತು. ಈ ಜಗಳದಲ್ಲಿ ಬಂದರು, ಹಡಗು, ವೀಟೋ ಎಲ್ಲ ಇದೆ, ಕುರಾನ್ ಇಲ್ಲ.

ನನ್ನದೇ ಕಸುಬಿನವರೊಬ್ಬರ ವಿಷಯ ಹೇಳಬೇಕು. ಹ್ರಾಂಟ್ ಡಿಂಕ್, ಅರ್ಮೇನಿಯನ್, ಇಸ್ತಾಂಬುಲ್‌ನ 'ಅಗೋಸ್' ವಾರಪತ್ರಿಕೆಯ ಸಂಪಾದಕ. ತುರ್ಕಿತನಕ್ಕೆ ಅವಮಾನ ಮಾಡಿದರು ಎಂದು ಕೋರ್ಟು ಅವರಿಗೆ ಶಿಕ್ಷೆ ಕೊಟ್ಟಿತ್ತು. 2007ರ ಜನವರಿ 19ರಂದು ಅವರದೇ ಆಫೀಸಿನ ಮುಂದೆ ಗುಂಡು ಹಾರಿಸಿ ಕೊಂದರು. ಬೀದಿಯಲ್ಲಿ ಮಲಗಿದ ದೇಹದ ಮೇಲೆ ಬಿಳಿ ಬಟ್ಟೆ, ಅದರಡಿಯಿಂದ ಕಾಣುವ ಶೂ, ಶೂವಿನ ಅಟ್ಟೆಯಲ್ಲಿ ಸವೆದು ಬಿದ್ದ ತೂತು. ಆ ಫೋಟೋ ನೋಡಿದವರು ಮರೆಯುವುದಿಲ್ಲ. ಅಂತ್ಯಯಾತ್ರೆಗೆ ಹತ್ತಾರು ಸಾವಿರ ಜನ ಬಂದರು, 'ನಾವೆಲ್ಲರೂ ಹ್ರಾಂಟ್, ನಾವೆಲ್ಲರೂ ಅರ್ಮೇನಿಯನ್ನರು' ಎಂಬ ಫಲಕ ಹಿಡಿದುಕೊಂಡು. ಹಿಡಿದವರಲ್ಲಿ ಮುಸ್ಲಿಮರೇ ಜಾಸ್ತಿ, ಆ ಊರಿನಲ್ಲಿ ಬೇರೆ ಹೇಗಿರಲು ಸಾಧ್ಯ? ನೀವು ಎಣ್ಣೆ ಸೀಗೆಕಾಯಿ ಅಂದಾಗ ನನಗೆ ನೆನಪಾದದ್ದು ಆ ಫಲಕ ಹಿಡಿದವರು.

ಇನ್ನು, ಇವತ್ತು ಸಾಲಿನಲ್ಲಿ ನಿಂತಿರುವ ಅಲ್ಬೇನಿಯಾದಲ್ಲೂ ಬೋಸ್ನಿಯಾದಲ್ಲೂ ದೊಡ್ಡ ಸಮುದಾಯ ಮುಸ್ಲಿಮರದ್ದೇ. ಅಲ್ಬೇನಿಯಾದ ಜೊತೆ 2022ರಲ್ಲಿ ಮಾತುಕತೆ ಶುರುವಾಗಿದೆ. ಅಲ್ಲಿ ಕೇಳುತ್ತಿರುವುದು ಕೋರ್ಟು, ಲಂಚ, ಚುನಾವಣೆ ಹೇಗಿದೆ ಎಂದು.

ಈಗ ನಿಮ್ಮ ಕೊನೆಯ ಪ್ರಶ್ನೆ. ಇವತ್ತಿನ ಟರ್ಕಿಯನ್ನು ನಾನೂ ಸೇರಿಸಿಕೊಳ್ಳುತ್ತಿರಲಿಲ್ಲ. ಉದ್ಯಮಿ, ಮಾನವ ಹಕ್ಕುಗಳ ಪರ ಕೆಲಸ ಮಾಡುತ್ತಿದ್ದ ಒಸ್ಮಾನ್ ಕವಾಲಾ ಅವರನ್ನು 2017ರಲ್ಲಿ ಹಿಡಿದರು. ಬಿಡಿ ಎಂದು 2019ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಹೇಳಿತು. ಬಿಡಲಿಲ್ಲ, 2022ರಲ್ಲಿ ಜೀವಾವಧಿ ಶಿಕ್ಷೆ ಹಾಕಿದರು. 2025ರ ಮಾರ್ಚ್‌ನಲ್ಲಿ ಇಸ್ತಾಂಬುಲ್‌ನ ಮೇಯರ್, ವಿರೋಧ ಪಕ್ಷದ ಇಮಾಮೊಲು ಅವರನ್ನೇ ಜೈಲಿಗೆ ಹಾಕಿದರು. ಹೀಗೆ ನಡೆಯುವ ದೇಶ ಕ್ರೈಸ್ತರದ್ದಾಗಿದ್ದರೂ ನನ್ನ ಉತ್ತರ ಇದೇ.

ಆದರೆ ಸಾರ್, ಆ 35ರಲ್ಲಿ 23ನೇ ಅಧ್ಯಾಯ ಇರುವುದು ಕೋರ್ಟು ಮತ್ತು ಮೂಲಭೂತ ಹಕ್ಕುಗಳ ಬಗ್ಗೆ. ಸೈಪ್ರಸ್ ತಡೆದದ್ದರಿಂದ ಅದನ್ನು ತೆರೆಯಲೇ ಇಲ್ಲ. ನನ್ನ ಕೈಲಿದ್ದಿದ್ದರೆ 2005ರಲ್ಲಿ ಮೊದಲು ತೆರೆಯುತ್ತಿದ್ದದ್ದು ಅದನ್ನೇ.