ಮೈದಾನದ ಮಾಸ್ತರರ ಪಗಾರ: ಒಂದು ಆಪ್ತಸಲಹೆ ಪ್ರಕರಣ

ವಿಜಯಪುರದ ಈ ವ್ಯಕ್ತಿ ನನ್ನ ಬಳಿ ಬಂದದ್ದು ಪಗಾರದ ವಿಷಯಕ್ಕಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಎದೆ ಉರಿ, ಮನೆಯಲ್ಲಿ ಸಣ್ಣ ಮಾತಿಗೂ ಸಿಟ್ಟು. ಇಸಿಜಿ, ರಕ್ತಪರೀಕ್ಷೆಯಲ್ಲಿ ಏನೂ ಸಿಗದೆ ವೈದ್ಯರು ಕಳಿಸಿಕೊಟ್ಟಿದ್ದರು. ವಯಸ್ಸು 38. ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಎಂ.ಪಿ.ಇಡಿ. ಮುಗಿಸಿ 9 ವರ್ಷದಿಂದ ಒಂದು ಖಾಸಗಿ, ಅನುದಾನವಿಲ್ಲದ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಹುಡುಗರು ಕರೆಯುವಂತೆ ಇಲ್ಲಿಯೂ ಅವರು ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಸರ್.

ಮೊದಲ ದಿನ ನನ್ನ ಕಣ್ಣು ಹೋದದ್ದು ಅವರ ಕೈಗೆ. ಬೆರಳ ತುದಿಗಳು ಸುಣ್ಣ ತಿಂದು ಬಿರಿದಿದ್ದವು. ಬೆಳಗ್ಗೆ ಕಬಡ್ಡಿ ಅಂಕಣಕ್ಕೆ ತಾವೇ ಗೆರೆ ಹಾಕಿ ಬಂದಿದ್ದರು. ಆ ಕೆಲಸಕ್ಕೆ ಕಾಲೇಜು ಸಿಪಾಯಿಯನ್ನೂ ಕೊಟ್ಟಿರಲಿಲ್ಲ. ಪಗಾರ ಎಷ್ಟು ಎಂದು ಕೇಳಿದಾಗ ಬಾಗಿಲ ಕಡೆ ನೋಡಿದರು. ಹೊರಗೆ ಹೆಂಡತಿ ಕುಳಿತಿದ್ದರು. ದನಿ ತಗ್ಗಿಸಿ, "ಹದಿನಾಲ್ಕು ಸಾವಿರ್ರಿ ಮೇಡಂ. ಮನ್ಯಾಗ ಇಪ್ಪತ್ತೆರಡು ಅಂತ ಹೇಳೇನ್ರಿ" ಎಂದರು. ನಡುವಿನ ಎಂಟು ಸಾವಿರವನ್ನು ತಿಂಗಳಾ ಕೈಗಡ ತಂದು ತುಂಬುತ್ತಿದ್ದರು, ಒಬ್ಬರದು ತೀರಿಸಲು ಇನ್ನೊಬ್ಬರ ಹತ್ತಿರ. ಅದೂ ವರ್ಷಕ್ಕೆ ಹತ್ತು ತಿಂಗಳ ಪಗಾರ. ರಜೆಯ ಎರಡು ತಿಂಗಳು ಅದೂ ಇಲ್ಲ. ರಾತ್ರಿ ಮೂರರ ಎಚ್ಚರ ಎಲ್ಲಿಂದ ಬರುತ್ತಿದೆ ಎಂಬುದು ನನಗೆ ಅಲ್ಲೇ ತಿಳಿಯಿತು.

ಆದರೆ ಎರಡನೇ ಭೇಟಿಯಲ್ಲಿ ಹೊರಬಿದ್ದ ಮಾತು ಸಾಲಕ್ಕಿಂತ ಆಳದ್ದು. ಪಗಾರ ಹೆಚ್ಚಿಸಿ ಎಂದು ಕೇಳಿದಾಗ ಆಡಳಿತ ಮಂಡಳಿಯವರೊಬ್ಬರು ಎಲ್ಲರೆದುರು, "ನೀವೇನ್ ಕ್ಲಾಸ್ ತಗೋತೀರಿ? ಹುಡುಗರನ್ನ ಆಟ ಆಡಸೋದಷ್ಟ ಅಲ್ಲೇನು?" ಅಂದಿದ್ದರಂತೆ. ಆ ಮಾತನ್ನು ಇವರು ನಂಬಿಬಿಟ್ಟಿದ್ದರು. "ಖರೇನ ಅಲ್ರಿ? ನಾ ಏನ್ ಪಾಠ ಮಾಡ್ತೀನಿ?" ಎಂದು ನನ್ನನ್ನೇ ಕೇಳಿದರು. ತನ್ನ ಕೆಲಸಕ್ಕೆ ಬೆಲೆ ಇಲ್ಲ ಎಂದು ಒಳಗೇ ಒಪ್ಪಿಕೊಂಡ ಮನುಷ್ಯ ಹಕ್ಕಿನ ಹಣ ಕೇಳಲಾರ. ಕೇಳಿದರೂ ಭಿಕ್ಷೆ ಬೇಡಿದ ಹಾಗೆ ಕೇಳುತ್ತಾನೆ. ಹಾಗಾಗಿ ಕಾನೂನಿನ ಮಾತಿಗಿಂತ ಮೊದಲು ಒಂದು ನೋಟ್‌ಬುಕ್ ಕೊಟ್ಟೆ. ಎರಡು ವಾರ, ಏನು ಮಾಡಿದಿರೋ ಅದು, ಎಷ್ಟು ಹೊತ್ತು ಹಿಡಿಯಿತೋ ಅದು. ಅಷ್ಟೇ ಬರೆಯಿರಿ ಎಂದೆ.

ಎರಡು ವಾರಕ್ಕೆ 118 ತಾಸು ಬಂತು. ಬೆಳಗ್ಗೆ ಪೌಣೆ ಆರಕ್ಕೆ ಅಭ್ಯಾಸ, ಗೇಟಿನಲ್ಲಿ ಶಿಸ್ತಿನ ಡ್ಯೂಟಿ, ಪ್ರವೇಶಾತಿ ಕೌಂಟರ್, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದು ಐದು ವರ್ಷದ ಕ್ರೀಡಾ ಫೈಲು. ಒಂದು ಪುಟದಲ್ಲಿ ಹೀಗಿತ್ತು: "ಮಂಡಿ ತಿರುಚಿದ ಹುಡುಗನ ಜೊತೆ ದವಾಖಾನೆ. ಅವರಪ್ಪ ಇಂಡಿಯಿಂದ ಬರುವತನಕ ಕುಂತೆ. 5 ತಾಸು." ನೋಟ್‌ಬುಕ್ಕಿನೊಳಗೆ ಒಂದು ಪ್ಲಾಸ್ಟಿಕ್ ಚೀಲವೂ ಇತ್ತು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಆಯ್ಕೆ ಪಂದ್ಯಕ್ಕೆ ಹುಡುಗರ ತಂಡವನ್ನು ಬೆಳಗಾವಿಗೆ ಕರೆದೊಯ್ದಾಗಿನ ಬಸ್ ಟಿಕೆಟ್, ಖಾನಾವಳಿ ಚೀಟಿಗಳು. ಒಟ್ಟು 9,460 ರೂಪಾಯಿ, ಅವರದೇ ಕಿಸೆಯಿಂದ. ಒಂದೊಂದಾಗಿ ಮೇಜಿನ ಮೇಲೆ ಹರಡಿ ಕೂಡಿಸಿದೆವು. ಕೂಡಿಸುವಾಗ ಅವರ ದನಿ ಬದಲಾಯಿತು.

ಅಂದೇ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯನ್ನು ಓದಿಸಿದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಅದರಲ್ಲಿ ಸಹಾಯಕ ಪ್ರಾಧ್ಯಾಪಕರ ಸಾಲಿನಲ್ಲೇ ಇದೆ: 10ನೇ ವೇತನ ಹಂತ, ಆರಂಭದ ಮೂಲವೇತನ 57,700 ರೂಪಾಯಿ. ಆ ಹುದ್ದೆಯ ಅರ್ಹತಾ ಪರೀಕ್ಷೆ ನೆಟ್ ಪಾಸಾಗದ ಇವರಿಗೆ ಈ ಕಾಲೇಜಿನಲ್ಲಿ ಅದು ನಾಳೆಯೇ ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಸುಳ್ಳು ಆಸೆ ಹುಟ್ಟಿಸುವುದು ನನ್ನ ಕೆಲಸವಲ್ಲ. ಆದರೆ "ಆಟ ಆಡಸೋದಷ್ಟ" ಎಂಬ ಮಾತು ದೇಶದ ನಿಯಮದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಅವರು ಕಣ್ಣಾರೆ ಓದಬೇಕಿತ್ತು. ಎರಡು ಸಲ ಓದಿದರು.

ಹೆಂಡತಿಗೆ ನಿಜ ಹೇಳುವುದು ನನ್ನ ಮೊದಲ ಸಲಹೆ. ನನ್ನ ಕೋಣೆಯಲ್ಲೇ ಹೇಳಿದರು. ಆ ತಾಯಿ ಸಿಟ್ಟಾದರು, ಮತ್ತು ಸಿಟ್ಟಾಗುವುದು ನ್ಯಾಯವೇ ಆಗಿತ್ತು. ಎರಡು ದಿನ ಮಾತಿಲ್ಲ. ಮೂರನೇ ದಿನ ಯಾರ್‍ಯಾರಿಗೆ ಎಷ್ಟು ಕೊಡುವುದಿದೆ ಎಂದು ಕೇಳಿ ಮಗಳ ಪಾಟಿಯ ಮೇಲೆ ಬರೆದುಕೊಂಡರಂತೆ. ಹೊಸ ಕೈಗಡ ಅಂದಿಗೆ ನಿಂತಿತು.

ಅಷ್ಟರಲ್ಲಿ ಇವರಿಗೆ ಇನ್ನೊಂದು ಹುರುಪು ಬಂದಿತ್ತು. ರಾಜೀನಾಮೆ ಬರೆದಿಟ್ಟುಕೊಂಡು, "ಲೇಬರ್ ಕೋರ್ಟಿಗೆ ಎಳೀತೀನ್ರಿ" ಎಂದು ಬಂದರು. ತಡೆದೆ. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ 'ಕಾರ್ಮಿಕ'ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಖಾಸಗಿ ಕಾಲೇಜು ಕೆಲಸದಿಂದ ತೆಗೆದುಹಾಕಿದರೆ ಹೋಗಬೇಕಾದದ್ದು ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ. ಆದರೆ ತಾವೇ ರಾಜೀನಾಮೆ ಕೊಟ್ಟವರಿಗೆ ಅಲ್ಲಿ ಹೇಳಿಕೊಳ್ಳಲು ಏನು ಉಳಿಯುತ್ತದೆ? ಖಾಲಿ ಹಾಳೆಗೆ ಸಹಿ ಬೇಡ, ಪ್ರತಿ ಜೂನ್‌ನಲ್ಲಿ ಕೊಡುವ 'ತಾತ್ಕಾಲಿಕ' ಆದೇಶ ಒಂದನ್ನೂ ಕಳೆಯಬೇಡಿ, ಹಾಜರಿ ಪುಸ್ತಕದ ಫೋಟೊ ತೆಗೆದಿಟ್ಟುಕೊಳ್ಳಿ ಎಂದೆ. ಉಳಿದದ್ದಕ್ಕೆ ಒಬ್ಬ ವಕೀಲರನ್ನು ಕಾಣಲು ಹೇಳಿದೆ.

ಫೋಟೊ ಏಕೆಂದರೆ, ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಿಗುವ ಇಡಿಗಂಟಿಗೆ, ವರ್ಷದಲ್ಲಿ 240 ದಿನದ ಕೆಲಸವನ್ನು ನಿರಂತರ ಸೇವೆ ಎಂದು ಎಣಿಸುತ್ತಾರೆ, ಮತ್ತು ಇವರ ಭಾನುವಾರಗಳೂ ಪಂದ್ಯಗಳಲ್ಲೇ ಕಳೆದಿವೆ. 2009ರ ತಿದ್ದುಪಡಿ ಶಿಕ್ಷಕರನ್ನೂ ಗ್ರಾಚ್ಯುಟಿಯೊಳಗೆ ತಂದಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪಗಾರವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಇವರ 9 ವರ್ಷ ಪೂರ್ತಿ ಲೆಕ್ಕಕ್ಕೆ ಬಂದರೆ 72,692 ರೂಪಾಯಿ. ಪಿ.ಎಫ್. (ಭವಿಷ್ಯನಿಧಿ) ಇನ್ನೂ ಸರಳ. 20 ಜನ ನೌಕರರಿರುವ ಸಂಸ್ಥೆ ಅದರ ವ್ಯಾಪ್ತಿಗೆ ಬರುತ್ತದೆ, 'ತಾತ್ಕಾಲಿಕ' ಎಂಬ ಪದ ಅದನ್ನು ತಪ್ಪಿಸುವುದಿಲ್ಲ. ಇವರ ಕಾಲೇಜಿನಲ್ಲಿ 40ಕ್ಕೂ ಹೆಚ್ಚು ಜನ. ಇವರಿಗೆ ಪಿ.ಎಫ್. ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆಯೇ ಇಲ್ಲ. ಮೊದಲು ಪ್ರಾಂಶುಪಾಲರಿಗೆ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಭವಿಷ್ಯನಿಧಿ ಕಚೇರಿಗೆ ದೂರು ಕೊಡಿ ಎಂದೆ.

ಕೊನೆಯದು ಓಟ. ನಿರ್ದೇಶಕರ ಹುದ್ದೆಗೆ ದೇಹದಾರ್ಢ್ಯ ಪರೀಕ್ಷೆ ಇದೆ: 30 ದಾಟಿದ, 40 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,500 ಮೀಟರ್ ಮುಗಿಸಬೇಕು. ಹುಡುಗರನ್ನು ದಿನಾ ಓಡಿಸುವ ಈ ಮನುಷ್ಯ ಮೂರು ವರ್ಷದಿಂದ ತಾನು ಓಡಿರಲಿಲ್ಲ. ವೈದ್ಯರನ್ನು ಮತ್ತೊಮ್ಮೆ ಕೇಳಿ ಸಂಜೆ ಓಟ ಹಚ್ಚಿದೆ. ನಿದ್ದೆಗೂ ಅದೇ ಮದ್ದು. ಸಹಾಯಕ ಪ್ರಾಧ್ಯಾಪಕ ಅರ್ಹತೆಯ ನೆಟ್‌ಗೆ ವಯಸ್ಸಿನ ಮಿತಿ ಇಲ್ಲ, ದೈಹಿಕ ಶಿಕ್ಷಣದ ಪತ್ರಿಕೆಗೆ ದಿನಕ್ಕೊಂದು ತಾಸು ಓದಿ ಎಂದೆ.

ಐದು ತಿಂಗಳಾಯಿತು. ಪಗಾರ ಇನ್ನೂ ಹದಿನಾಲ್ಕೇ. ಬಸ್ ಟಿಕೆಟ್ಟಿನ ಹಣದಲ್ಲಿ ಆರು ಸಾವಿರ ಬಂದಿದೆ, ಉಳಿದದ್ದಕ್ಕೆ ಎರಡನೇ ಪತ್ರ ಕೊಟ್ಟಿದ್ದಾರೆ. ಪಿ.ಎಫ್. ಅರ್ಜಿಗೆ ಕಾಲೇಜು ಉತ್ತರಿಸಿಲ್ಲ, ದೂರು ಬರೆದು ಮುಗಿದಿದೆ. ನಿದ್ದೆ ಈಗ ಐದರತನಕ ಬರುತ್ತದೆ. ಕಳೆದ ವಾರ ಮೈದಾನದಿಂದಲೇ ಫೋನ್ ಮಾಡಿ, "ಒಂಬತ್ತು ನಿಮಿಷಕ್ಕ ಮುಗಿಸೇನ್ರಿ ಮೇಡಂ" ಎಂದರು. ಹಿಂದೆ ಹುಡುಗರು ಕೂಗುತ್ತಿದ್ದರು. ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಹೇಳಿದ್ದೇನೆ, ಗಂಡ ಹೆಂಡತಿ ಇಬ್ಬರೂ ಕೂಡಿ.