ಬಾಕ್ಸಿಂಗ್ ಡೇ ಬೇಟೆಯ ಕೂಟಕ್ಕೆ ಹೊರಗಿನವರು ಹೋಗಬಹುದೇ? ಅಲ್ಲಿ ನರಿಯನ್ನು ಕೊಲ್ಲುತ್ತಾರೆಯೇ?

ಧಾರಾಳವಾಗಿ ಹೋಗಬಹುದು. ಬಾಕ್ಸಿಂಗ್ ಡೇ ಎಂದರೆ ಕ್ರಿಸ್‌ಮಸ್‌ನ ಮರುದಿನ. ಆ ಡಿಸೆಂಬರ್ 26ರ ಬೆಳಿಗ್ಗೆ ಇಂಗ್ಲೆಂಡಿನ ಅನೇಕ ಊರುಗಳ ಚೌಕದಲ್ಲೋ ಪಬ್‌ನ ಮುಂದೆಯೋ ಸವಾರರು, ಕುದುರೆಗಳು, ಬೇಟೆನಾಯಿಗಳು ಸೇರುತ್ತವೆ. ನೋಡಲು ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಅಂದು ಭಾನುವಾರವಾದರೆ ಕೂಟ ಬಹುಮಟ್ಟಿಗೆ ಮರುದಿನಕ್ಕೆ ಹೋಗುತ್ತದೆ. ಸ್ಥಳ, ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ.

ನರಿಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ನಾಯಿಗಳನ್ನು ಛೂಬಿಟ್ಟು ನರಿ ಬೇಟೆಯಾಡುವುದನ್ನು 2004ರ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಷೇಧಿಸಿದೆ. ಅದು ಜಾರಿಗೆ ಬಂದದ್ದು 2005ರ ಫೆಬ್ರುವರಿಯಲ್ಲಿ. ಆಮೇಲೆ ಬಂದದ್ದು ‘ಟ್ರೇಲ್ ಹಂಟಿಂಗ್’: ವಾಸನೆ ಹಚ್ಚಿದ ಬಟ್ಟೆಯನ್ನು ಮುಂಚೆಯೇ ಹೊಲಗಳಲ್ಲಿ ಎಳೆದುಕೊಂಡು ಹೋಗಿರುತ್ತಾರೆ, ನಾಯಿಗಳು ಆ ಜಾಡು ಹಿಡಿಯುತ್ತವೆ. ಇದು ಹಳೆಯ ಬೇಟೆಗೆ ಹಾಕಿದ ಮುಸುಕು ಎಂಬುದು ವಿರೋಧಿಗಳ ದೂರು. ಆ ದೂರು ಪೂರ್ತಿ ಪೊಳ್ಳೆಂದು ನನಗನಿಸುವುದಿಲ್ಲ. 2024ರ ಚುನಾವಣಾ ಪ್ರಣಾಳಿಕೆಯಲ್ಲಿ ಲೇಬರ್ ಪಕ್ಷ ಇದನ್ನೂ ನಿಷೇಧಿಸುವುದಾಗಿ ಹೇಳಿತ್ತು. ಹೀಗಾಗಿ ಚೌಕದಲ್ಲಿ ಸವಾರರ ಕೆಂಪು ಕೋಟುಗಳ ಜೊತೆಗೆ ಪ್ರತಿಭಟನೆಯ ಫಲಕಗಳೂ, ಪೊಲೀಸರೂ ಕಂಡರೆ ಗಾಬರಿಯಾಗಬೇಡಿ.

ಸವಾರರು ಜೀನಿನ ಮೇಲೆ ಕುಳಿತೇ ಪೋರ್ಟ್ ವೈನ್ ಹೀರುವುದು, ಕೊಂಬಿನ ದನಿ, ಬಾಲ ಬೀಸುತ್ತ ಜನರ ನಡುವೆ ನುಗ್ಗುವ ನಾಯಿಗಳು... ನೋಡತಕ್ಕದ್ದು ಇದೇ. ಅವರು ಹೊರಟ ಮೇಲೆ ಹಿಂಬಾಲಿಸಿದರೆ ಕೆಸರೇ ಹೆಚ್ಚು ಸಿಗುತ್ತದೆ. ಹೋಗಲೇಬೇಕೆಂದರೆ ಸಾರ್ವಜನಿಕ ಕಾಲುದಾರಿ ಬಿಟ್ಟು ಖಾಸಗಿ ಹೊಲಕ್ಕೆ ಕಾಲಿಡಬೇಡಿ. ಮಕ್ಕಳನ್ನು ಕುದುರೆಗಳ ಹಿಂಗಾಲಿನಿಂದ ದೂರವಿಡಿ. ಸಾಕುನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.