ರಜೆ ಕಿತ್ತುಕೊಂಡರೆ ಭಾಗಾಕಾರ ಬರುತ್ತಾ?

ಓದುಗರ ಪತ್ರ: ನಾನು ನಿವೃತ್ತ ಬ್ಯಾಂಕ್ ನೌಕರ. ಮೊಮ್ಮಗಳು ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು ಮುಗಿಸಿದ್ದಾಳೆ. ಭಿನ್ನರಾಶಿಯ ಭಾಗಾಕಾರ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ಅವಳ ಶಿಕ್ಷಕರಿಗೆ ಮಾತ್ರ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸಂಬಳ ಸಮೇತ ರಜೆ! ಈ ರಜೆ ರದ್ದು ಮಾಡಿ, ಅಷ್ಟೂ ದಿನ ಕಡ್ಡಾಯ ತರಬೇತಿ ಕೊಟ್ಟರೆ ಸರ್ಕಾರಿ ಶಾಲೆ ಸುಧಾರಿಸುವುದಿಲ್ಲವೇ? ನಿಮ್ಮ ಪತ್ರಿಕೆ ಇದನ್ನು ಯಾಕೆ ಬರೆಯುವುದಿಲ್ಲ?
– ಹಳೆಯ ಚಂದಾದಾರ, ಶಿರಸಿ

ಸಂಪಾದಕರ ಉತ್ತರ:

ಹಿರಿಯರೇ, ಮೊಮ್ಮಗಳನ್ನು ಸರ್ಕಾರಿ ಶಾಲೆಗೆ ಕಳಿಸಿ, ಅವಳ ಲೆಕ್ಕದ ಪುಸ್ತಕ ತೆರೆದು ನೋಡುವ ಅಜ್ಜ ನೀವು. ಅದಕ್ಕೇ ನಿಮ್ಮ ಪತ್ರವನ್ನು ಮೊದಲು ಕೈಗೆತ್ತಿಕೊಂಡೆ. ಶಿಕ್ಷಕರು ಕಲಿಯುತ್ತಲೇ ಇರಬೇಕು ಅನ್ನುವುದು ಸರಿ. ಕಲಿಯದೆ ಕಾಲ ತಳ್ಳುವವರೂ ಇದ್ದಾರೆ, ಒಪ್ಪುತ್ತೇನೆ.

ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ನಿಮ್ಮನ್ನೂ ತರಬೇತಿಗೆ ಕಳಿಸಿರುತ್ತಾರೆ. ಅದು ನಿಮ್ಮ ರಜೆಯಲ್ಲಿ ನಡೆಯಿತಾ, ಕೆಲಸದ ದಿನಗಳಲ್ಲಾ? ನಿಮಗೆ ಸರಿ ಅನಿಸಿದ್ದು ಶಿಕ್ಷಕರ ವಿಷಯಕ್ಕೆ ಬಂದಾಗ ಯಾಕೆ ಬೇರೆಯಾಗುತ್ತದೆ?

ಸಂಬಳ ಸಮೇತ ರಜೆ ಅಂದಿರಿ. ಅದರ ಲೆಕ್ಕವೂ ಗೊತ್ತಿರಲಿ. ಬೇರೆ ಇಲಾಖೆಯ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಬೇಸಿಗೆ, ದಸರಾ ರಜೆ ಇದೆ ಅನ್ನುವ ಕಾರಣಕ್ಕೆ ಶಿಕ್ಷಕರಿಗೆ ಸಿಗುವುದು 10 ದಿನ. ಅಂದರೆ ಈ ರಜೆಗೆ ಅವರು ಮೊದಲೇ ಬೆಲೆ ಕೊಟ್ಟಿದ್ದಾರೆ.

ಅದಾದರೂ ಪೂರ್ತಿ ಅವರ ಕೈಗೆ ಸಿಗುತ್ತಾ? 2023ರ ಮೇ 10ಕ್ಕೆ ವಿಧಾನಸಭೆ ಚುನಾವಣೆ. 2024ರ ಏಪ್ರಿಲ್ 26 ಮತ್ತು ಮೇ 7ಕ್ಕೆ ಲೋಕಸಭೆ. 2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆ. ಮತಗಟ್ಟೆಯಲ್ಲಿ ಕೂತವರು, ಸುಡುವ ಬಿಸಿಲಲ್ಲಿ ಮನೆ ಮನೆ ತಿರುಗಿದವರು ಹೆಚ್ಚಿನಂಶ ಇದೇ ಮೇಷ್ಟ್ರು, ಮೇಡಂಗಳು. ಅದೇ ವರ್ಷ ದಸರಾ ರಜೆಗೆ ಮತ್ತೊಂದು ಸಮೀಕ್ಷೆ ಬಂತು. ಮುಗಿಯಲಿಲ್ಲ ಅಂತ ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳಿಗೆ ರಜೆ, ಶಿಕ್ಷಕರಿಗೆ ಬಾಗಿಲು ತಟ್ಟುವ ಕೆಲಸ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಪಾಠಕ್ಕೆ ಸಂಬಂಧಪಡದ ಬೇರೆ ಕೆಲಸಕ್ಕೆ ಅವರನ್ನು ಹಚ್ಚಬಾರದು ಅನ್ನುತ್ತದೆ. ಆ ಮಾತನ್ನು ನೆನಪು ಮಾಡಿಕೊಡುವ ಒಂದು ಪತ್ರವೂ ನನ್ನ ಮೇಜಿಗೆ ಬಂದಿಲ್ಲ ಅನ್ನುವುದು ನನಗೆ ನೋವಿನ ಸಂಗತಿ.

ಇನ್ನು ತರಬೇತಿ. ಅದು ಹೇಗೆ ನಡೆಯುತ್ತದೆ ಅಂತ ನೋಡಿದ್ದೀರಾ? ಬೆಂಗಳೂರಿನಲ್ಲಿ ಕೆಲವರಿಗೆ ಹೇಳಿಕೊಡುತ್ತಾರೆ. ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ. ತಾಲ್ಲೂಕಿನ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಹಾಲ್ ತಲುಪುವ ಹೊತ್ತಿಗೆ ಉಳಿಯುವುದು ಒಂದು ಮಾಡ್ಯೂಲ್, ಅದನ್ನು ಓದುವ ಒಬ್ಬ ಸಂಪನ್ಮೂಲ ವ್ಯಕ್ತಿ. ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ. ಒಂದನೇ ಕ್ಲಾಸಿನ ಮೇಡಂ ಮತ್ತು ಏಳನೇ ಕ್ಲಾಸಿನ ವಿಜ್ಞಾನದ ಮೇಷ್ಟ್ರು ಅಕ್ಕಪಕ್ಕ ಕೂತು ಒಂದೇ ಪಿಪಿಟಿ ನೋಡುತ್ತಾರೆ. ನಿಮಗೆ ಏನು ಕಷ್ಟ ಆಗುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಇಂಥದ್ದನ್ನು ಒಂದೂವರೆ ತಿಂಗಳು ಎಳೆದರೆ ನಿಮ್ಮ ಮೊಮ್ಮಗಳಿಗೆ ಏನು ಲಾಭ?

ಕಲಿಕೆ ಆಗುವ ರೀತಿ ಬೇರೆ ಇದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ತಾಲ್ಲೂಕಿನಲ್ಲಿ ಕೆಲವು ಶಿಕ್ಷಕರು ಶನಿವಾರ ಬೆಳಗಿನ ಶಾಲೆ ಮುಗಿಸಿ ತಾವಾಗಿಯೇ ಸೇರುತ್ತಿದ್ದರು. ಆದೇಶ ಇಲ್ಲ, ಭತ್ಯೆ ಇಲ್ಲ. ನಾನು ಹೋದ ದಿನ ಹಳೇ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಕಾಗದದ ಪಟ್ಟಿಗಳನ್ನು ಮಾಡಿಕೊಂಡಿದ್ದರು. ಒಬ್ಬ ಮೇಡಂ ಎದ್ದು ಅರ್ಧವನ್ನು ಕಾಲರಿಂದ ಭಾಗಿಸುವ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದರು. ಉತ್ತರ ಎರಡು, ಎಲ್ಲರಿಗೂ ಗೊತ್ತು. ಎರಡನೆಯದನ್ನು ತಿರುಗಿಸಿ ಗುಣಿಸಿದರಾಯಿತು.

"ಭಾಗ ಮಾಡಿದ ಮೇಲೆ ಕಮ್ಮಿ ಆಗಬೇಕಲ್ವಾ, ಜಾಸ್ತಿ ಹೇಗಾಯ್ತು ಅಂತ ನನ್ನ ಕ್ಲಾಸಿನ ಹುಡುಗ ಕೇಳಿದ. ನನಗೆ ಹೇಳೋಕೆ ಆಗಲಿಲ್ಲ" ಅಂದರು ಆಕೆ.

ಯಾರೂ ನಗಲಿಲ್ಲ. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಮೇಷ್ಟ್ರು ಅರ್ಧ ಪಟ್ಟಿಯ ಮೇಲೆ ಕಾಲು ಪಟ್ಟಿ ಇಟ್ಟು ಅಳೆದರು. ಒಂದು ಸಲ, ಎರಡು ಸಲ. "ಅರ್ಧದೊಳಗೆ ಕಾಲು ಎಷ್ಟು ಸಲ ಇದೆ ಅಂತ ತಾನೆ ನಾವು ಕೇಳ್ತಿರೋದು?" ಅಂದರು. ಹಾಗಾದರೆ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಅಂದರು ಇನ್ನೊಬ್ಬರು. ಅರ್ಧ ಪಟ್ಟಿ ಒಂದು ಸಲ ಕೂತಿತು, ಒಂದು ತುಂಡು ಉಳಿಯಿತು. ಉಳಿದದ್ದು ಕಾಲು, ಆದ್ದರಿಂದ ಉತ್ತರ ಒಂದೂಕಾಲು ಅಂದರು ಕೆಲವರು. ಪುಸ್ತಕದ ಪ್ರಕಾರ ಒಂದೂವರೆ. ಜೋರಾಗಿ ವಾದ ಆಯಿತು. ಕೊನೆಗೆ ಆ ಮೇಡಂ ಅವರೇ ಹಿಡಿದರು: ಉಳಿದದ್ದು ಇಡೀ ಪಟ್ಟಿಯ ಕಾಲು ನಿಜ, ಆದರೆ ನಾವು ಅಳೆಯುತ್ತಿರುವುದು ಅರ್ಧ ಪಟ್ಟಿಯಿಂದ. ಅದರಲ್ಲಿ ಇದು ಅರ್ಧ. ಅವರ ಮುಖದಲ್ಲಿ ಎಂಥ ಖುಷಿ ಇತ್ತು!

ನಿಮ್ಮ ಮೊಮ್ಮಗಳು ಪೆನ್ಸಿಲ್ ಕಚ್ಚುವುದು ಬಹುಶಃ ಇದೇ ಜಾಗದಲ್ಲಿ. ಈಗ ಹೇಳಿ, ಆ ಕೋಣೆಯಲ್ಲಿ ಮೇಲಧಿಕಾರಿ ಒಬ್ಬರು ಕೂತಿದ್ದರೆ "ನನಗೆ ಹೇಳೋಕೆ ಆಗಲಿಲ್ಲ" ಅನ್ನುವ ಮಾತು ಆಕೆಯ ಬಾಯಿಂದ ಬರುತ್ತಿತ್ತಾ? ಗೊತ್ತಿಲ್ಲ ಅನ್ನಲು ಹೆದರುವ ಜಾಗದಲ್ಲಿ ಶಿಕ್ಷಕರು ಏನನ್ನೂ ಕಲಿಯುವುದಿಲ್ಲ. ವರ್ಷಗಳಿಂದ ನಾನು ಹೇಳುತ್ತಾ ಬಂದಿರುವುದು ಇಷ್ಟನ್ನೇ.

ಬೇಸಿಗೆಯಲ್ಲಿ ಕಲಿಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಹೊಸ ರೀತಿಯ ವಿಜ್ಞಾನ ಪಾಠ ಶುರುವಾಯಿತು. 1978ರ ಹೊತ್ತಿಗೆ ಇಡೀ ಜಿಲ್ಲೆಗೆ ಹಬ್ಬಿತು. ಅಲ್ಲಿ ಬೇಸಿಗೆಯಲ್ಲೇ ಶಿಕ್ಷಕರ ಶಿಬಿರ ನಡೆಯುತ್ತಿತ್ತು. ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಹಳ್ಳಿ ಮೇಷ್ಟ್ರ ಜೊತೆ ಪ್ರಯೋಗಕ್ಕೆ ಕೂರುತ್ತಿದ್ದರು. ಮಕ್ಕಳು ಮಾಡಬೇಕಾದ ಪ್ರಯೋಗವನ್ನು ಶಿಕ್ಷಕರು ಮೊದಲು ತಾವು ಮಾಡಬೇಕು. ಶಿಬಿರ ಮುಗಿದ ಮೇಲೂ ತಿಂಗಳಿಗೊಮ್ಮೆ ಸಭೆ, ಕ್ಲಾಸಿನಲ್ಲಿ ಎಲ್ಲಿ ಎಡವಿದೆವು ಅನ್ನುವ ಚರ್ಚೆ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನನಗೆ ಇವತ್ತಿಗೂ ಸಿಟ್ಟಿದೆ.

ಅಷ್ಟು ದೂರ ಯಾಕೆ, ನಮ್ಮ ಹೆಗ್ಗಡದೇವನಕೋಟೆಯನ್ನೇ ನೋಡಿ. 1995ರಲ್ಲಿ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದವರು ತಾವೇ ಕೂತು ಕಲಿಕೆಯ ಕಾರ್ಡ್‌ಗಳನ್ನು ಮಾಡಿದರು, ಹಾಡು ಕಟ್ಟಿದರು. ನಲಿ ಕಲಿ ಪದ್ಧತಿ ಹುಟ್ಟಿದ್ದು ಹಾಗೆ. 2009ರಲ್ಲಿ ಅದು ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಆಗ ಕಾರ್ಡ್‌ಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು, ಜೊತೆಗೆ ಆದೇಶವೂ ಬಂತು. ಹೆಗ್ಗಡದೇವನಕೋಟೆಯ ಶಿಕ್ಷಕರಿಗಿದ್ದ 'ಇದು ನಮ್ಮದು' ಅನ್ನುವ ಭಾವ ಆ ಪೆಟ್ಟಿಗೆಯಲ್ಲಿ ಬರಲಿಲ್ಲ.

ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಗಂಟೆ ಎಣಿಸುವುದು ಸುಲಭ. ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ವಿಡಿಯೊ ಓಡಿಸಿ ಪ್ರಮಾಣಪತ್ರ ಇಳಿಸಿಕೊಂಡರೆ ಲೆಕ್ಕಕ್ಕೆ ಸೇರುತ್ತದೆ. ಶನಿವಾರದ ಆ ಮಧ್ಯಾಹ್ನ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಇದು ಶಾಲೆಯ ಕಥೆ ಮಾತ್ರ ಅಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪಂಚಾಯಿತಿ ಗ್ರಂಥಾಲಯದವರು, ಎಲ್ಲರ ಕಥೆಯೂ ಇದೇ. ಕೆಲಸ ಮಾಡುವವರ ಮೇಲೆ ನಂಬಿಕೆ ಇಲ್ಲ, ಅವರು ತುಂಬಿಸುವ ಫಾರಂ ಮೇಲೆ ಎಲ್ಲಿಲ್ಲದ ನಂಬಿಕೆ. ಮೊಟ್ಟೆ ಹಂಚಿದ್ದಕ್ಕೆ ಲೆಕ್ಕ, ಹಾಲಿಗೆ ಲೆಕ್ಕ, ಶೂಗೆ ಲೆಕ್ಕ. ಈ ಲೆಕ್ಕ ಬರೆದು ಬರೆದು ಸುಸ್ತಾದ ಮೇಷ್ಟ್ರು ಮನೆಗೆ ಹೋಗಿ ಪುಸ್ತಕ ಓದಬೇಕು ಅಂತ ನಾವು ಬಯಸುತ್ತೇವೆ. ಓದಲು ಬಿಡುವು ಅಂತ ಇರುವುದು ಬೇಸಿಗೆ ಒಂದೇ. ನೀವು ಅದನ್ನೂ ಕೇಳುತ್ತಿದ್ದೀರಿ!

ನಿಮಗೊಂದು ಕೆಲಸ ಒಪ್ಪಿಸುತ್ತೇನೆ. ನೀವು ಮಾಡುತ್ತೀರಿ ಅನ್ನುವ ನಂಬಿಕೆ ಇದೆ. ಮೇ ಕೊನೆಗೆ ಶಾಲೆ ಶುರುವಾದಾಗ ಮೊಮ್ಮಗಳ ಜೊತೆ ಹೋಗಿ ಅವಳ ಲೆಕ್ಕದ ಶಿಕ್ಷಕರನ್ನು ಮಾತಾಡಿಸಿ. ದೂರು ಹೇಳಬೇಡಿ. ಯಾವ ಪಾಠ ಹೇಳಿಕೊಡಲು ಕಷ್ಟ, ಯಾರ ಜೊತೆ ಕೂತು ಕಲಿಯಲು ಇಷ್ಟ ಅಂತ ಕೇಳಿ. ಅವರು ಹೇಳಿದ್ದನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಡಿ, ನಮಗೂ ಬರೆಯಿರಿ. ಶಿಕ್ಷಕರೇ ಬರೆದರೆ ಇನ್ನೂ ಸಂತೋಷ. ಜುಲೈ ಸಂಚಿಕೆಯಲ್ಲಿ ಎರಡು ಪುಟ ಅವರಿಗಾಗಿ ಬಿಟ್ಟಿದ್ದೇನೆ. ಹೆಸರು ಹಾಕುವುದು ಬೇಡ ಅಂದರೆ ಹಾಕುವುದಿಲ್ಲ.